ಅಪ್ಸೆಣಬಿನ ನಾರು, ಕಡ್ಡಿ ಬಿಡಿಸಿ ತೋಟಕ್ಕೂ ಗೋಡೆಗೂ ಬಳಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ತಿಪಟೂರು ಕಡೆ ಅಪ್ಸೆಣಬು ಅಂದರೆ ಹಸಿರೆಲೆ ಗೊಬ್ಬರ, ಅಷ್ಟೇ. ರೈತ ಸಂಪರ್ಕ ಕೇಂದ್ರದಿಂದ ಬೀಜ ತರುತ್ತೇವೆ, ತೆಂಗಿನ ಸಾಲಿನ ಮಧ್ಯೆ ಚೆಲ್ಲುತ್ತೇವೆ, ಹಳದಿ ಹೂ ಕಾಣಿಸುತ್ತಿದ್ದ ಹಾಗೆ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸುತ್ತೇವೆ. ಮಣ್ಣಿಗೆ ಅದು ಬಹಳ ಒಳ್ಳೆಯದು, ಬಿಡಬೇಡಿ. ನಾನು ಕೇಳುವುದು ಇಷ್ಟೇ: ಎರಡು ಗುಂಟೆಯಷ್ಟನ್ನು ಉಳದೆ ಇನ್ನೂ ಒಂದೂವರೆ ತಿಂಗಳು ನಿಲ್ಲಿಸಿ. ಆ ಎರಡು ಗುಂಟೆಯಿಂದ ವರ್ಷಕ್ಕಾಗುವಷ್ಟು ಹುರಿ ಸಿಗುತ್ತದೆ, ತರಕಾರಿ ಮಡಿಗೆ ಹೊದಿಕೆ ಸಿಗುತ್ತದೆ, ಮಣ್ಣಿನ ಗಿಲಾವು ಬಿರುಕು ಬಿಡದ ಹಾಗೆ ಹಿಡಿಯುವ ನಾರೂ ಸಿಗುತ್ತದೆ. ನಾಲ್ಕು ವರ್ಷದಿಂದ ನಾನು ಹೀಗೇ ಮಾಡುತ್ತಿದ್ದೇನೆ. ಮೊದಲ ವರ್ಷ ಕೆಡಿಸಿಕೊಂಡಿದ್ದನ್ನೂ ಸೇರಿಸಿ, ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಸೆಣಬು ಅಂದರೆ ಯಾವ ಸೆಣಬು?

ಇದನ್ನು ಮೊದಲೇ ತಿಳಿದುಕೊಳ್ಳುವುದು ಮುಖ್ಯ. ಗೋಣಿಚೀಲದ ಸೆಣಬು ಬೇರೆ ಗಿಡ, ಅದು ಬಂಗಾಳದ ಕಡೆಯದ್ದು. ಹೊರದೇಶಗಳಲ್ಲಿ ಸುಣ್ಣದ ಜೊತೆ ಬೆರೆಸಿ ಮನೆ ಕಟ್ಟುವ ‘ಹೆಂಪ್’ ಗಾಂಜಾ ಜಾತಿಯ ಗಿಡ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಅದನ್ನು ಪರವಾನಗಿ ಇಲ್ಲದೆ ಬೆಳೆಯುವುದು ಅಪರಾಧ. ಉತ್ತರಾಖಂಡದಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು ನಾರಿಗಾಗಿ ಬೆಳೆಸುತ್ತದೆ, ಗಿಡದಲ್ಲಿ ಮತ್ತಿನ ಅಂಶ ಶೇ 0.3 ದಾಟಬಾರದು ಅನ್ನುವ ಷರತ್ತು ಹಾಕಿ. ನಮ್ಮ ಹೊಲದಲ್ಲಿ ನಾರಿನ ಆಸೆಗೆ ಅದರ ಒಂದು ಗಿಡವನ್ನೂ ಹಾಕಬೇಡಿ.

ನಮ್ಮ ಅಪ್ಸೆಣಬು ಅವರೆ, ತೊಗರಿಯ ಬಳಗದ್ದು. ಮತ್ತಿನ ಅಂಶ ಅದರಲ್ಲಿ ಇಲ್ಲವೇ ಇಲ್ಲ. ಆದರೆ ಕಾಂಡದ ರಚನೆ ಹೆಚ್ಚುಕಡಿಮೆ ಹಾಗೇ ಇದೆ: ಹೊರಗೆ ಗಟ್ಟಿ ನಾರು, ಒಳಗೆ ಹಗುರವಾದ ಬಿಳಿ ಕಡ್ಡಿ. ಹೀಗಾಗಿ ಮಾಡುವ ಕೆಲಸವೂ ಬಹುಪಾಲು ಒಂದೇ. ಉತ್ತರ ಕರ್ನಾಟಕದವರು ಪುಂಡಿ ಗಿಡದಲ್ಲೂ ಇದೇ ಕೆಲಸ ಮಾಡಬಹುದು. ಪುಂಡಿ ನಾರಿನ ಹಗ್ಗ ಅಲ್ಲಿಯ ಹಿರಿಯರಿಗೆ ಗೊತ್ತಿರುವುದೇ. ಸೊಪ್ಪು ಕಿತ್ತು ಪಲ್ಯ ಮಾಡಿ, ಉಳಿದ ದಂಟನ್ನು ಸುಮ್ನೆ ಒಲೆಗೆ ಹಾಕುವವರು ಈ ಸಲ ಒಂದು ಕಂತೆ ತೆಗೆದಿಡಿ.

ಬಿತ್ತನೆ

ನಾರಿಗೆ ಬೇಕಾದದ್ದು ಕವಲೊಡೆಯದ, ನೇರವಾದ, ಬೆರಳು ದಪ್ಪ ಮೀರದ ಕಾಂಡ. ಅದಕ್ಕೆ ಒತ್ತಾಗಿ ಬಿತ್ತಬೇಕು. ಎಕರೆಗೆ 20ರಿಂದ 25 ಕೆಜಿ ಲೆಕ್ಕ ಹಿಡಿದರೆ ಎರಡು ಗುಂಟೆಗೆ ಒಂದೂಕಾಲು ಕೆಜಿ ಬೀಜ ಸಾಕು. ಜಾಗ ಜಾಸ್ತಿ ಸಿಕ್ಕರೆ ಗಿಡ ಪೊದೆಯಾಗುತ್ತದೆ. ಪ್ರತಿ ಕವಲಿನ ಬುಡದಲ್ಲೂ ನಾರು ಸುಲಿಯುವಾಗ ತುಂಡಾಗುತ್ತದೆ.

ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ಹೂ ಬಿಡುವ ಗಿಡ ಇದು. ತಡವಾಗಿ ಬಿತ್ತಿದರೆ ಎತ್ತರ ಬರುವ ಮೊದಲೇ ಹೂ ಬಂದುಬಿಡುತ್ತದೆ. ನಾನು ಜುಲೈ ಕೊನೆಯೊಳಗೆ ಬಿತ್ತಿ ಮುಗಿಸುತ್ತೇನೆ. ಗೊಬ್ಬರ ಹಾಕುವುದಿಲ್ಲ, ಬೇರಿನ ಗಂಟುಗಳೇ ಸಾರಜನಕ ಹಿಡಿದುಕೊಳ್ಳುತ್ತವೆ. ಮೊಳಕೆ ಹೊತ್ತಿನಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಂಡರೆ ಸಾಕು. ಕಂಬಳಿಹುಳು ಬಂದರೆ ಕೈಯಲ್ಲಿ ಆರಿಸಿ ತೆಗೆಯಿರಿ. ಹೂವಿನ ಕಾಲದಲ್ಲಂತೂ ಏನನ್ನೂ ಸಿಂಪಡಿಸಬೇಡಿ. ಆ ಹೂವಿಗೆ ಕಾಯಿ ಕಟ್ಟಿಸುವವು ದೊಡ್ಡ ಕಪ್ಪು ದುಂಬಿಗಳು. ಬೆಳಿಗ್ಗೆ ಹೊಲದ ಬದಿಗೆ ಹೋಗಿ ನಿಂತರೆ ಅವುಗಳ ಸದ್ದೇ ಕೇಳುತ್ತಿರುತ್ತದೆ.

ಕೊಯ್ಲು

ಹಸಿರು ಗೊಬ್ಬರಕ್ಕೆ 45–50 ದಿನಕ್ಕೆ ಉಳುತ್ತೀರಿ. ನಾರಿಗೆ ಸುಮಾರು 90 ದಿನ ಬಿಡಿ. ಹೂ ಬಹುಪಾಲು ಬಿದ್ದು ಎಳೆ ಕಾಯಿ ಕಟ್ಟುತ್ತಿರುವ ಹೊತ್ತು ಅದು. ಇನ್ನೂ ಮೊದಲೇ ಕೊಯ್ದರೆ ನಾರು ನಯವಾಗಿ ಬರುತ್ತದೆ, ಆದರೆ ಕಡಿಮೆ ಬರುತ್ತದೆ, ಬಲವೂ ಸಾಲದು. ಕಾಯಿ ಪೂರ್ತಿ ಒಣಗುವ ತನಕ ಬಿಟ್ಟರೆ ನಾರು ಒರಟಾಗುತ್ತದೆ, ಕಡ್ಡಿಯಿಂದ ಬಿಡಿಸುವುದೂ ಕಷ್ಟ. ಗಿಲಾವಿಗೆ ಮಾತ್ರ ಅನ್ನುವುದಾದರೆ ಒರಟು ನಾರೂ ನಡೆಯುತ್ತದೆ.

ಕುಡುಗೋಲಿನಲ್ಲಿ ನೆಲಕ್ಕೆ ಹತ್ತಿರ ಕೊಯ್ಯಿರಿ. ಬೇರು ಮಣ್ಣಲ್ಲೇ ಇರಲಿ. ದಪ್ಪ ಕಾಂಡ, ತೆಳು ಕಾಂಡ ಅಲ್ಲೇ ಬೇರೆ ಮಾಡಿ. ಈಗ ಹತ್ತು ನಿಮಿಷದ ಕೆಲಸ ಅದು, ಕಲೆಸಿಬಿಟ್ಟರೆ ಮುಂದೆ ನೀರಲ್ಲಿ ಕೊಳೆಸುವಾಗ ಒಂದೇ ಗುಂಡಿಯಲ್ಲಿ ತೆಳುವಾದದ್ದು ಕರಗಿಹೋಗಿ ದಪ್ಪದ್ದು ಇನ್ನೂ ಹಸಿಯಾಗೇ ಇರುತ್ತದೆ. ತೋಳಿಗೆ ಹಿಡಿಯುವಷ್ಟು ದಪ್ಪ ಕಂತೆ ಕಟ್ಟಿ, ಎರಡು ದಿನ ಹೊಲದಲ್ಲೇ ನಿಲ್ಲಿಸಿ. ಎಲೆ ಬಾಡಿ ತಾನೇ ಉದುರುತ್ತದೆ. ಉಳಿದದ್ದನ್ನು ಕೊಡವಿ ತೆಂಗಿನ ಪಾತಿಗೆ ಹಾಕಿ. ಕಾಯಿ, ಬೀಜ ಇರುವ ತುದಿಯನ್ನು ದನಕ್ಕೆ ಹಾಕಬೇಡಿ. ಬೀಜದಲ್ಲಿ ದನಗಳ ಈಲಿಗೆ, ಅಂದರೆ ಯಕೃತ್ತಿಗೆ, ಆಗದ ವಿಷದ ಅಂಶ ಇರುತ್ತದೆ.

ಕೊಳೆ ಹಾಕುವುದು

ಕೊಳೆ ಹಾಕುವುದು ಅಂದರೆ ಸಿಪ್ಪೆಯ ನಾರು ಬಿಡುವ ತನಕ ಕಂತೆಗಳನ್ನು ನೀರಲ್ಲಿ ಮುಳುಗಿಸಿಡುವುದು. ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಾರನ್ನು ಕಡ್ಡಿಗೆ ಅಂಟಿಸಿ ಹಿಡಿದಿರುವುದು ಒಂದು ಬಗೆಯ ಗೋಂದು. ನೀರಲ್ಲಿರುವ ಸೂಕ್ಷ್ಮಜೀವಿಗಳು ಮೊದಲು ಆ ಗೋಂದನ್ನು ತಿನ್ನುತ್ತವೆ, ಅದು ಮುಗಿದ ಮೇಲೆ ನಾರಿಗೇ ಬಾಯಿ ಹಾಕುತ್ತವೆ. ಗೋಂದು ಮುಗಿದು ನಾರು ಇನ್ನೂ ಉಳಿದಿರುವ ಆ ಒಂದು ದಿನ ನಿಮಗೆ ಸಿಗಬೇಕು.

ಊರ ಕೆರೆಯಲ್ಲಿ, ಬಾವಿಯಲ್ಲಿ, ಮೀನು ಬಿಟ್ಟ ಕೃಷಿ ಹೊಂಡದಲ್ಲಿ ಕೊಳೆ ಹಾಕಲೇಬೇಡಿ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಪೂರ್ತಿ ಖಾಲಿಯಾಗಿ ಮೀನು ಸಾಯುತ್ತವೆ. ನಾನು ಮನೆಯಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ, 8 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳದ ಗುಂಡಿ ತೋಡಿ ಟಾರ್ಪಾಲು ಹಾಸಿದ್ದೇನೆ. ಅದಕ್ಕೆ ಸುಮಾರು 1,350 ಲೀಟರ್ ನೀರು ಹಿಡಿಯುತ್ತದೆ. ಒಂದು ಸಲಕ್ಕೆ 60–70 ಕೆಜಿ ಹಸಿ ಕಂತೆ ಹಾಕುತ್ತೇನೆ, ಅಂದರೆ ಕಂತೆಯ ತೂಕದ ಇಪ್ಪತ್ತು ಪಟ್ಟು ನೀರು. ನೀರು ಕಡಿಮೆಯಾದರೆ ಬೇಗ ಕಪ್ಪಾಗುತ್ತದೆ, ನಾರಿಗೂ ಆ ಬಣ್ಣ ಹತ್ತುತ್ತದೆ.

ಬುಡದ ಭಾಗ ದಪ್ಪ ಇರುವುದರಿಂದ ನಿಧಾನಕ್ಕೆ ಕೊಳೆಯುತ್ತದೆ. ಅದಕ್ಕೆ ಮೊದಲ ಒಂದು ದಿನ ಕಂತೆಗಳನ್ನು ಬುಡ ಮಾತ್ರ ಮುಳುಗುವ ಹಾಗೆ ನಿಲ್ಲಿಸಿ, ಮರುದಿನ ಮಲಗಿಸಿ ಪೂರ್ತಿ ಮುಳುಗಿಸಿ. ಮೇಲೆ ನೀರು ನಾಲ್ಕು ಬೆರಳು ನಿಂತಿರಲಿ. ಭಾರಕ್ಕೆ ಕಲ್ಲು ಇಡಿ, ಅಥವಾ ಹಳೆ ಪ್ಲಾಸ್ಟಿಕ್ ಚೀಲಕ್ಕೆ ಮರಳು ತುಂಬಿ ಇಡಿ. ಕೈಗೆ ಸುಲಭಕ್ಕೆ ಸಿಗುತ್ತದೆ ಅಂತ ಬಾಳೆದಿಂಡು, ಹಸಿ ಮರದ ತುಂಡು, ಮಣ್ಣಿನ ಹೆಂಟೆ ಇಡಬೇಡಿ. ಅವುಗಳ ಒಗರು ಇಳಿದು ನಾರು ಕಪ್ಪಗಾಗುತ್ತದೆ, ಆ ಕಪ್ಪು ಎಷ್ಟು ತೊಳೆದರೂ ಹೋಗುವುದಿಲ್ಲ.

ಎಷ್ಟು ದಿನ? ಬೆಚ್ಚಗಿನ ನೀರಲ್ಲಿ 4ರಿಂದ 7 ದಿನ. ಕಾರ್ತಿಕದ ಚಳಿ ಶುರುವಾದರೆ ಹತ್ತು ದಿನವೂ ಆಗಬಹುದು. ಮೊದಲ ವರ್ಷ ನಾನು ‘ಏಳು ದಿನ’ ಅಂತ ಬರೆದಿಟ್ಟುಕೊಂಡು ಏಳನೇ ದಿನವೇ ತೆಗೆದೆ. ಆ ವಾರ ಬಿಸಿಲು ಜೋರಾಗಿತ್ತು. ಕಂತೆ ಎತ್ತಿದರೆ ನಾರು ಕೈಯಲ್ಲೇ ಲೋಳೆಯಾಗಿ ಜಾರಿ ನೀರಿಗೆ ಬಿತ್ತು. ಒಣಗಿದ ಮೇಲೆ ಎಳೆದರೆ ಹತ್ತಿಯ ಹಾಗೆ ಕಿತ್ತು ಬರುತ್ತಿತ್ತು. ಅರ್ಧ ಗುಂಟೆಯ ಬೆಳೆ ಹೋಯಿತು.

ಪಕ್ಕದ ತೋಟದ ಅಜ್ಜ ಅದನ್ನು ನೋಡಿದರು. ಚಿಕ್ಕವರಿದ್ದಾಗ ಬಾವಿ ಹಗ್ಗ, ದನದ ಕಣ್ಣಿ ಎಲ್ಲ ಮನೆಯಲ್ಲೇ ಹೊಸೆದವರು ಅವರು. “ಹಂಗಾದ್ರೆ ಎಷ್ಟು ದಿನ ಬಿಡಬೇಕು ಅಜ್ಜಾ?” ಅಂದೆ. “ದಿನ ಎಣಿಸ್‌ಬ್ಯಾಡ ಮಗಾ. ಮೂರನೇ ದಿನದಿಂದ ದಿನಾ ಬೆಳಿಗ್ಗೆ ಒಂದು ಕಡ್ಡಿ ಎಳೆದು ನೋಡು. ಅದೇ ಹೇಳ್ತದೆ” ಅಂದರು.

ಅವರು ತೋರಿಸಿದ್ದು ಹೀಗೆ. ಕಂತೆಯ ನಡುವಿನಿಂದ ಒಂದು ಕಡ್ಡಿ ಎಳೆಯಿರಿ. ಅಂಚಿನದ್ದು ಬೇಡ, ಅದು ಮೊದಲೇ ಕೊಳೆತಿರುತ್ತದೆ. ಬುಡದಿಂದ ಒಂದು ಗೇಣು ಮೇಲೆ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೇಲಕ್ಕೆ ಒತ್ತಿ. ಸಿಪ್ಪೆ ಅಂಟಿಕೊಂಡೇ ಇದ್ದರೆ ಇನ್ನೂ ಆಗಿಲ್ಲ. ಅಲ್ಲಲ್ಲಿ ಬಿಟ್ಟು ಅಲ್ಲಲ್ಲಿ ಹಿಡಿದುಕೊಂಡರೆ ನಾಳೆ ನೋಡಿ. ಕಾಲುಚೀಲ ಕಳಚಿದ ಹಾಗೆ ಸಿಪ್ಪೆ ಸಲೀಸಾಗಿ ಜಾರಿ, ಒಳಗಿನ ಕಡ್ಡಿ ಬೆಳ್ಳಗೆ, ಒಂದೂ ಎಳೆ ಅಂಟದೆ ಹೊರಗೆ ಬಂದರೆ ಅದೇ ಹದ. ಆಮೇಲೆ ಬಿಡಿಸಿದ ನಾರಿನ ಎರಡು ಎಳೆ ಹಿಡಿದು ಜಗ್ಗಿ. ‘ಟಪ್’ ಅಂತ ಸದ್ದು ಮಾಡಿ ತುಂಡಾದರೆ ಬಲ ಇದೆ. ಸದ್ದಿಲ್ಲದೆ ಎಳೆದುಕೊಂಡು ಬಂದರೆ ಹದ ಮೀರಿದೆ, ಅದೇ ಗಂಟೆಯಲ್ಲಿ ಎಲ್ಲ ಎತ್ತಿಬಿಡಿ. ಸಂಜೆಗೆ ಅಂತ ಮುಂದೂಡಬೇಡಿ.

ಸುಲಿದು ತೊಳೆಯುವುದು

ನೀರಲ್ಲಿ ನಿಂತು ಮೂರ್ನಾಲ್ಕು ಕಡ್ಡಿ ಒಟ್ಟಿಗೆ ಹಿಡಿಯಿರಿ. ಬುಡವನ್ನು ಕೊಡತಿಯಿಂದ ಮೆಲ್ಲಗೆ ಎರಡೇಟು ಜಜ್ಜಿದರೆ ನಾರಿನ ತುದಿ ಬಿಡುತ್ತದೆ. ಆ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕಡ್ಡಿಯನ್ನು ನೀರಿನ ಮೇಲೆ ಹಿಂದೆ ಮುಂದೆ ಆಡಿಸಿ. ಕಡ್ಡಿ ತಾನೇ ಜಾರಿ ಹೊರಗೆ ಹೋಗುತ್ತದೆ. ಬೇಗ ಮುಗಿಯಲಿ ಅಂತ ದೊಡ್ಡ ಹಿಡಿ ಹಿಡಿದರೆ ಎಳೆಗಳು ಸಿಕ್ಕಾಗುತ್ತವೆ.

ಸುಲಿದ ನಾರನ್ನು ಬೇರೆ ಶುದ್ಧ ನೀರಲ್ಲಿ ಎರಡು ಸಲ ಜಾಲಿಸಿ, ಹಿಂಡಿ, ಬಿದಿರು ಗಳದ ಮೇಲೆ ತೆಳುವಾಗಿ ಹರಡಿ. ನೆಲದ ಮೇಲೆ ಬೇಡ, ಮಣ್ಣು ಹತ್ತುತ್ತದೆ. ಎರಡು ಮೂರು ದಿನದ ಬಿಸಿಲು ಸಾಕು. ಒಳಗೆ ತೇವ ಇದ್ದಾಗಲೇ ಕಟ್ಟಿಟ್ಟರೆ ಬೂಸ್ಟು ಬರುತ್ತದೆ. ಕಡ್ಡಿಗಳನ್ನೂ ಅಷ್ಟೇ ಎಚ್ಚರದಿಂದ ಒಣಗಿಸಿ, ಅವೇ ಮುಂದೆ ಹೆಚ್ಚು ಕೆಲಸಕ್ಕೆ ಬರುವುದು. ನೂರು ಕೆಜಿ ಹಸಿ ಕಂತೆಗೆ ನನಗೆ ಸಿಗುವುದು ಮೂರರಿಂದ ನಾಲ್ಕು ಕೆಜಿ ಒಣ ನಾರು. ಎರಡು ಗುಂಟೆಗೆ ಹತ್ತು ಕೆಜಿ ಆಸುಪಾಸು ಆಗುತ್ತದೆ.

ಕೊಳೆತ ನೀರು ವಾಸನೆ ಬರುತ್ತದೆ ಅಂತ ಹಳ್ಳಕ್ಕೆ ಬಿಡಬೇಡಿ. ಗಿಡದ ಪೊಟ್ಯಾಷ್ ಸಾಕಷ್ಟು ಅದರಲ್ಲಿ ಇರುತ್ತದೆ. ಎರಡು ದಿನ ಗಾಳಿಗೆ ಬಿಟ್ಟು, ಒಂದಕ್ಕೆ ನಾಲ್ಕು ಪಾಲು ನೀರು ಬೆರೆಸಿ ತೆಂಗಿನ ಪಾತಿಗೆ, ಬಾಳೆ ಬುಡಕ್ಕೆ ಹಾಕಿ. ಎಳೆ ಸಸಿಗೆ ಬೇಡ.

ತೋಟದಲ್ಲಿ

ಹುರಿ ಹೊಸೆಯುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ನಾರನ್ನು ಸ್ವಲ್ಪ ತೇವ ಮಾಡಿ ಎರಡು ಎಳೆ ಮಾಡಿಕೊಳ್ಳಿ. ಎರಡನ್ನೂ ಪಕ್ಕಪಕ್ಕದಲ್ಲಿ ತೊಡೆಯ ಮೇಲಿಟ್ಟು ಅಂಗೈಯಿಂದ ಮುಂದಕ್ಕೆ ಉರುಳಿಸಿ, ಎರಡೂ ಬೇರೆಬೇರೆಯಾಗಿ ತಿರುಚಿಕೊಳ್ಳುತ್ತವೆ. ಈಗ ಎರಡನ್ನೂ ಜೋಡಿಸಿ ಹಿಂದಕ್ಕೆ ಉರುಳಿಸಿ. ತಿರುಚು ಬಿಚ್ಚಿಕೊಳ್ಳಲು ನೋಡುತ್ತಾ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಎಳೆ ತೆಳುವಾಗುವ ಮೊದಲೇ ಹೊಸ ನಾರು ಸೇರಿಸಿ, ಎರಡೂ ಎಳೆಗೆ ಒಂದೇ ಜಾಗದಲ್ಲಿ ಸೇರಿಸಬೇಡಿ.

ಟೊಮೊಟೊ, ಹೀರೆ, ಹಾಗಲ ಕಟ್ಟಲು ಈ ಹುರಿ ಬಹಳ ಚೆನ್ನ. ಈ ನಾರು ನೆನೆದರೆ ಬಲ ಕಳೆದುಕೊಳ್ಳುವುದಿಲ್ಲ, ಮೀನಿನ ಬಲೆಗೆ ಬಳಸುತ್ತಿದ್ದದ್ದು ಅದಕ್ಕೇ. ಬೆಳೆ ಮುಗಿದ ಮೇಲೆ ಬಳ್ಳಿ, ಹುರಿ ಎಲ್ಲ ಒಟ್ಟಿಗೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಪ್ಲಾಸ್ಟಿಕ್ ದಾರದ ಚೂರು ಮಣ್ಣಲ್ಲಿ ಹೆಕ್ಕುವ ಕೆಲಸ ಇರುವುದಿಲ್ಲ ಅಲ್ವಾ, ಅದೇ ನನಗೆ ದೊಡ್ಡ ನೆಮ್ಮದಿ.

ಕಡ್ಡಿಯನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಒಂದು ಇಂಚಿಗೆ ಕತ್ತರಿಸಿ, ಬದನೆ, ಮೆಣಸಿನ ಮಡಿ ಮೇಲೆ ಮೂರು ಬೆರಳು ದಪ್ಪ ಹೊದಿಸಿ. ಬುಡಕ್ಕೆ ತಾಗದ ಹಾಗೆ ಸುತ್ತಲೂ ಒಂದು ಗೇಣು ಬಿಡಿ. ಒಂದು ಮುಖ್ಯ ಮಾತು: ಈ ಕಡ್ಡಿಯನ್ನು ಮಣ್ಣಿನ ಒಳಗೆ ಬೆರೆಸಬೇಡಿ. ಒಣ ಕಡ್ಡಿ ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಮೇಲೆ ಹೊದಿಕೆಯಾಗಿದ್ದರೆ ಆ ತೊಂದರೆ ಇಲ್ಲ. ಒಳಗೆ ಸೇರಿಸಬೇಕಾದದ್ದು 50 ದಿನದ ಎಳೆ ಗಿಡ ಮಾತ್ರ.

ಮಣ್ಣಿನ ಗಿಲಾವಿಗೆ

ಮಣ್ಣಿಗೆ ನಾರು ಬೆರೆಸುವುದು ನಮ್ಮ ದೇಶದಲ್ಲಿ ಬಹಳ ಹಳೆಯ ವಿದ್ಯೆ. ಎಲ್ಲೋರದ ಗುಹೆಗಳ ಮಣ್ಣಿನ ಗಿಲಾವಿನಲ್ಲಿ ಗಾಂಜಾ ಜಾತಿಯ ಸೆಣಬು ಬೆರೆಸಿದ್ದಾರೆ ಅಂತ 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸಾವಿರ ವರ್ಷಕ್ಕಿಂತ ಹಳೆಯ ಗಿಲಾವು ಅದು. ನಾವು ಅಪ್ಸೆಣಬಿನ ನಾರು ಬೆರೆಸಿ ಉಗ್ರಾಣದ ಗೋಡೆಗೆ, ಜಗಲಿಗೆ ಮಾಡಿಕೊಳ್ಳಬಹುದು.

ಮೇಲಿನ ಒಂದಡಿ ಬಿಟ್ಟು ಕೆಳಗಿನ ಕೆಂಪು ಮಣ್ಣು ತನ್ನಿ. ಎರೆಮಣ್ಣು ಬೇಡ, ನೀರು ಕುಡಿದು ಹಿಗ್ಗುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಗಾಜಿನ ಬಾಟಲಿಗೆ ಅರ್ಧ ಮಣ್ಣು, ಉಳಿದಷ್ಟು ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಮರಳು ತಳಕ್ಕೆ ಕೂರುತ್ತದೆ, ಜಿಗುಟು ಮಣ್ಣು ಮೇಲೆ. ಎಷ್ಟು ಮರಳು ಸೇರಿಸಬೇಕು ಅನ್ನುವ ಅಂದಾಜು ಅಲ್ಲೇ ಸಿಗುತ್ತದೆ.

ಆದರೂ ಅಂದಾಜನ್ನೇ ನಂಬಬೇಡಿ. ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಮೂರು ಮರಳು, ಹೀಗೆ ಮೂರು ಬಗೆ ಕಲೆಸಿ ಗೋಡೆಯ ಮೇಲೆ ಒಂದೊಂದು ಅಡಿ ಚೌಕ ಬಳಿದು ನೋಡಿ. ಒಣಗಿದ ಮೇಲೆ ಬಿರುಕಿದ್ದರೆ ಮರಳು ಕಡಿಮೆ, ಉಜ್ಜಿದರೆ ಪುಡಿ ಉದುರಿದರೆ ಮರಳು ಜಾಸ್ತಿ. ನನ್ನ ಮಣ್ಣಿಗೆ ಒಂದಕ್ಕೆ ಎರಡು ಸರಿಹೋಯಿತು.

ನಾರನ್ನು ಎರಡು ಬೆರಳಗಲಕ್ಕೆ, ಅಂದರೆ ಮೂರ್ನಾಲ್ಕು ಸೆಂಟಿಮೀಟರಿಗೆ ಮಚ್ಚಿನಿಂದ ಕತ್ತರಿಸಿ. ಉದ್ದ ಬಿಟ್ಟರೆ ಕಲೆಸುವಾಗ ಉಂಡೆಯಾಗುತ್ತದೆ. 50 ಕೆಜಿ ಒಣ ಮಿಶ್ರಣಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ನಾರು ಸಾಕು. ಮಣ್ಣು ಗಂಜಿಯಷ್ಟು ತೆಳ್ಳಗಿರುವಾಗ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಕಾಲಲ್ಲಿ ತುಳಿಯಿರಿ. ಒಂದೇ ಸಲ ಸುರಿಯಬೇಡಿ. ಮೂರು ದಿನ ಹಸಿ ಗೋಣಿ ಮುಚ್ಚಿ ಬಿಟ್ಟರೆ ಮಣ್ಣು ಹುಳಿತು ಕರಣೆಗೆ ಬೆಣ್ಣೆಯ ಹಾಗೆ ಬರುತ್ತದೆ.

ಗೋಡೆಯನ್ನು ಚೆನ್ನಾಗಿ ನೆನೆಸಿ, ಮೊದಲ ಕೈ ಅರ್ಧ ಇಂಚಿಗಿಂತ ಕಡಿಮೆ ಬಳಿಯಿರಿ. ಬೆರಳಿನಿಂದ ಗೀರು ಹಾಕಿ ಒಣಗಲು ಬಿಡಿ. ಎರಡನೇ ಕೈ ಅದರ ಅರ್ಧ ದಪ್ಪ. ನೇರ ಬಿಸಿಲು ಬೀಳದ ಹಾಗೆ ಗೋಣಿ ಇಳಿಬಿಡಿ. ಮಳೆ ಹೊಡೆಯುವ ಗೋಡೆಗೆ ಇದು ಸಲ್ಲದು, ಸೂರು ಎರಡಡಿಯಾದರೂ ಮುಂದೆ ಚಾಚಿರಬೇಕು. ನೆಲಮಟ್ಟದಿಂದ ಒಂದಡಿ ತನಕ ಕಲ್ಲೇ ಇರಲಿ. ನುಣುಪು ಸಿಮೆಂಟ್ ಗೋಡೆ ಮೇಲೆ ಮಣ್ಣು ನಿಲ್ಲುವುದಿಲ್ಲ.

ಸುಣ್ಣ–ಕಡ್ಡಿ ಇಟ್ಟಿಗೆ

ಇದು ನನ್ನ ಪ್ರಯೋಗದ ಮಟ್ಟದಲ್ಲೇ ಇರುವ ಕೆಲಸ. ಉಗ್ರಾಣದ ಪಶ್ಚಿಮದ ಗೋಡೆಗೆ ಒಳಗಿನಿಂದ ಒಂದು ಪದರ ಕಟ್ಟಿದ್ದೇನೆ, ಮಧ್ಯಾಹ್ನದ ಕಾವು ಕಡಿಮೆಯಾಗಿದೆ. ಭಾರ ಹೊರುವ ಗೋಡೆಗೆ, ಬಚ್ಚಲಿಗೆ, ನೆಲಕ್ಕೆ ತಾಗುವ ಕಡೆ ಇದನ್ನು ಬಳಸಬಾರದು. ಕಂಬ, ತೊಲೆ ಭಾರ ಹೊತ್ತಿರಬೇಕು, ಇದು ನಡುವೆ ತುಂಬುವ ವಸ್ತು ಮಾತ್ರ.

ಅರ್ಧದಿಂದ ಒಂದು ಇಂಚಿನ ಕಡ್ಡಿ ಚೂರು ತೆಗೆದುಕೊಂಡು ಧೂಳು ಜರಡಿ ಹಿಡಿಯಿರಿ. ಕೊಳೆ ಹಾಕಿ ತೊಳೆದ ಕಡ್ಡಿಯೇ ಬೇಕು. ಹಸಿ ಗಿಡದ ಸಕ್ಕರೆ ಅಂಶ ಉಳಿದಿದ್ದರೆ ಸುಣ್ಣ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಳತೆ ನಾಲ್ಕು ಬಾಂಡ್ಲಿ ಚೂರಿಗೆ ಒಂದು ಬಾಂಡ್ಲಿ ಅರಳಿಸಿದ ಸುಣ್ಣದ ಪುಡಿ, ಅದರ ಕಾಲು ಭಾಗ ನುಣ್ಣನೆ ಇಟ್ಟಿಗೆ ಪುಡಿ, ಅಂದರೆ ಸುರ್ಕಿ. ಬರೀ ಸುಣ್ಣ ಗಾಳಿ ಹೀರಿ ಗಟ್ಟಿಯಾಗಲು ಬಹಳ ದಿನ ತೆಗೆದುಕೊಳ್ಳುತ್ತದೆ, ಸುರ್ಕಿ ಅದಕ್ಕೆ ಬೇಗ ಹಿಡಿತ ಕೊಡುತ್ತದೆ. ಕೈಗವಸು, ಕನ್ನಡಕ ಹಾಕದೆ ಸುಣ್ಣ ಮುಟ್ಟಬೇಡಿ. ಸುಟ್ಟ ಸುಣ್ಣದ ಹರಳು ತಂದು ಮನೆಯಲ್ಲೇ ಅರಳಿಸುವುದಾದರೆ ಮಕ್ಕಳನ್ನು ದೂರ ಇಡಿ, ಅದು ಕೊತಕೊತ ಕುದಿಯುತ್ತದೆ.

ಒಣಗಿದ್ದನ್ನು ಮೊದಲು ಕಲೆಸಿ, ಆಮೇಲೆ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಮರದ ಅಚ್ಚಿಗೆ ಎರಡೆರಡು ಇಂಚು ಹಾಕಿ ಮೆಲ್ಲಗೆ ಒತ್ತಿ. ಜೋರಾಗಿ ಕುಟ್ಟಿದರೆ ಒಳಗಿನ ಗಾಳಿ ಹೋಗುತ್ತದೆ, ಕಾವು ತಡೆಯುವುದೇ ಆ ಗಾಳಿ. ಮರುದಿನ ಅಚ್ಚು ಬಿಡಿಸಿ, ನೆರಳಲ್ಲಿ ಗಾಳಿ ಆಡುವ ಹಾಗೆ ಸಾಲಾಗಿಟ್ಟು ಕನಿಷ್ಠ ಒಂದೂವರೆ ತಿಂಗಳು ಬಿಡಿ. 9–6–4 ಇಂಚಿನ ನನ್ನ ಒಂದು ಇಟ್ಟಿಗೆ ಒಣಗಿದ ಮೇಲೆ ಒಂದೂವರೆ ಕೆಜಿ ತೂಗುತ್ತದೆ. ಅದೇ ಅಳತೆಯ ಸುಟ್ಟ ಇಟ್ಟಿಗೆಯಾದರೆ ಐದಾರು ಕೆಜಿ ಇರುತ್ತದೆ. ಕಟ್ಟಿದ ಮೇಲೆ ಸುಣ್ಣದ ಅಥವಾ ಮಣ್ಣಿನ ಗಿಲಾವು ಮಾಡಿ. ಸಿಮೆಂಟ್ ಗಿಲಾವು ಬೇಡ, ಒಳಗಿನ ತೇವ ಹೊರಗೆ ಹೋಗಲು ದಾರಿ ಇರಬೇಕು.

ಬೀಜಕ್ಕೆ

ಹೊಲದ ಒಂದು ಮೂಲೆಯಲ್ಲಿ ಮೂವತ್ತು ನಲವತ್ತು ಗಿಡ ಕೊಯ್ಯದೆ ಬಿಡಿ. ಕಾಯಿ ಒಣಗಿ, ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಅನ್ನುವಾಗ ಕೊಯ್ದು ಬಡಿಯಿರಿ. ಬಿಸಿಲಲ್ಲಿ ಎರಡು ದಿನ ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿ ತುಂಬಿ, ದನದ ಕೊಟ್ಟಿಗೆಯಿಂದ ದೂರ ಎತ್ತಿಡಿ. ಡಬ್ಬಿಯ ಮೇಲೆ ಹೆಸರು, ವರ್ಷ ಬರೆಯಿರಿ.